ಕರಿ ಮೂತಿಯ ಕಾಗದದ ಕಡ್ಡಿ

ನಾನು ಲ್ಯಾಬ್ ಟೆಕ್ನಿಷಿಯನ್. ಊರಿನವರ ರಕ್ತ, ಮೂತ್ರ, ಕಫಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಒಳಗಿನ ಗುಟ್ಟನ್ನು ಹೊರಗೆಳೆಯುವುದೇ ಇಪ್ಪತ್ತು ವರ್ಷಗಳಿಂದ ನನ್ನ ಕಸುಬು. ಮಲೇರಿಯಾದ ಕ್ರಿಮಿ ರಕ್ತಕಣದೊಳಗೆ ಉಂಗುರದಂತೆ ಸುತ್ತಿಕೊಂಡು ಕೂತಿದ್ದರೂ ನನ್ನ ಕಣ್ಣಿನಿಂದ ತಪ್ಪಿಸಿಕೊಂಡದ್ದಿಲ್ಲ. ಹೀಗಿರುವಾಗ ಎಪ್ಪತ್ತಾರು ಕಿಲೋ ತೂಕದ ಗಂಡಸೊಬ್ಬ, ಅದೂ ಕಟ್ಟಿಕೊಂಡ ಗಂಡ, ನನ್ನ ಕಣ್ಣಿಗೆ ಮಣ್ಣೆರಚಬಲ್ಲನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಮ್ಮದು ಧಾರವಾಡ. ಗಂಡ ಬಸವರಾಜ ಅವರಿಗೆ ಕಲ್ಲಿದ್ದಲು ಕಂಪನಿಯೊಂದರ ಕಚೇರಿಯಲ್ಲಿ ನೌಕರಿ. ವರ್ಗವಾಗಿ ನಾಗಪುರಕ್ಕೆ ಬಂದು ಹದಿನಾಲ್ಕು ವರ್ಷಗಳಾದವು. ಪ್ರತಾಪ ನಗರದಲ್ಲಿ ಮೂರನೆಯ ಮಹಡಿಯ ಮನೆ. ಮಗಳು ಅನಘಾ ಪುಣೆಯಲ್ಲಿ ಓದುತ್ತಾಳೆ. ಗಂಡ ಮಾತು ಕಡಿಮೆಯ ಮನುಷ್ಯ. ಉಪ್ಪು ಹೆಚ್ಚಾಗಿದ್ದರೂ ಹೇಳುವವರಲ್ಲ. ಒಂದು ಲೋಟ ನೀರು ಹೆಚ್ಚಿಗೆ ಕುಡಿಯುತ್ತಾರೆ, ನಾನು ತಿಳಿದುಕೊಳ್ಳಬೇಕು. ಇಂಥವರ ಬಗ್ಗೆ ಸಂಶಯಪಡಲು ವಿಷಯಗಳೇ ಸಿಗುವುದಿಲ್ಲ ಎನ್ನುವುದು ನನ್ನ ಬಹುಕಾಲದ ಕೊರಗಾಗಿತ್ತು ಎಂದರೂ ತಪ್ಪಿಲ್ಲ.

ಮಾರ್ಚ್ ತಿಂಗಳ ಒಂದು ಸೋಮವಾರ ಆ ಕೊರಗು ನೀಗಿತು. ಬಟ್ಟೆಗಳನ್ನು ಮಶೀನಿಗೆ ಹಾಕುವ ಮುನ್ನ ಅವರ ಅಂಗಿಯ ಜೇಬಿಗೆ ಕೈ ಹಾಕಿದೆ. ಬೆರಳಿಗೆ ಗಟ್ಟಿಯಾದದ್ದೇನೋ ತಾಕಿತು. ತೆಗೆದು ನೋಡಿದರೆ ಬೆರಳಿನಷ್ಟು ದಪ್ಪ, ಗೇಣಿಗಿಂತ ಸ್ವಲ್ಪ ಗಿಡ್ಡ, ಬೂದು ಬಣ್ಣದ ಕಾಗದವನ್ನು ಬಿಗಿಯಾಗಿ ಸುತ್ತಿ ಸುತ್ತಿ ಮಾಡಿದ ಒಂದು ಕಡ್ಡಿ. ಎರಡೂ ತುದಿ ಪೆನ್ಸಿಲಿನಂತೆ ಚೂಪು. ಆದರೆ ಪೆನ್ಸಿಲ್ ಅಲ್ಲ, ಒಳಗೆ ಸೀಸವಿಲ್ಲ, ಬರೀ ಕಾಗದ. ಒಂದು ತುದಿ ಮಾತ್ರ ಸುಟ್ಟಂತೆ ಕರ್ರಗೆ.

ಸಿಗರೇಟೇ ಇರಬೇಕು ಎಂದುಕೊಂಡೆ. ಕಾರಣವಿದೆ. ಮದುವೆಯಾದಾಗ ಇವರು ಸಿಗರೇಟು ಸೇದುತ್ತಿದ್ದರು. ಅನಘಾ ಚಿಕ್ಕವಳಿದ್ದಾಗ ಉಬ್ಬಸದ ದಮ್ಮು ಹತ್ತಿ, ಆಸ್ಪತ್ರೆಯಲ್ಲಿ ನಾಲ್ಕು ದಿನ ಅವಳ ಮೂಗಿಗೆ ನಳಿಕೆ ಹಾಕಿದ್ದರು. ಐದನೆಯ ದಿನ ಇವರು ಅವಳ ತಲೆಯ ಮೇಲೆ ಕೈಯಿಟ್ಟು, ಇನ್ನು ಮುಟ್ಟುವುದಿಲ್ಲ ಎಂದರು. ಆಮೇಲೆ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಈಗ ಮಗಳು ಊರಲ್ಲಿಲ್ಲ. ಅಂದರೆ?

ಅಷ್ಟರಲ್ಲಿ ಉಳಿದದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಮಂಗಳವಾರ, ಗುರುವಾರ ಮನೆಗೆ ಬರುವುದು ಒಂದೂವರೆ ತಾಸು ತಡ. ಕೇಳಿದರೆ ಮೀಟಿಂಗ್. ಬಲಗೈಯ ಹೆಬ್ಬೆರಳು, ತೋರುಬೆರಳು ಕಪ್ಪು. ಕೇಳಿದರೆ, "ಕಲ್ಲಿದ್ದಲು ಕಂಪನಿ ಅಲ್ಲೇನು." ಇವರು ಕೂರುವುದು ಏಸಿ ಕೋಣೆಯಲ್ಲಿ. ಅಲ್ಲಿಗೆ ಕಲ್ಲಿದ್ದಲು ಬರುವುದು ಕಾಗದದ ಮೇಲೆ ಮಾತ್ರ.

ಕಡ್ಡಿಯನ್ನು ಮೂಸಿದೆ. ವಾಸನೆ ಬರಲಿಲ್ಲ. ಇನ್ನಷ್ಟು ಹತ್ತಿರ ಹಿಡಿದು ಮೂಸಿದೆ. ಆಗಲೂ ಇಲ್ಲ. ವಾಸನೆ ಬಂದಿದ್ದರೆ ಸಾದಾ ಸಂಶಯ. ವಾಸನೆಯೇ ಬರದಂಥ ಸಿಗರೇಟನ್ನು ಹುಡುಕಿ ತಂದಿದ್ದಾರೆಂದರೆ ಮನುಷ್ಯ ಎಷ್ಟು ತಯಾರಿ ಮಾಡಿಕೊಂಡಿರಬೇಕು ಎಂದು ಯೋಚಿಸುತ್ತ ನಿಂತಿದ್ದಾಗ ಬಾಗಿಲ ಗಂಟೆ ಸದ್ದಾಯಿತು. ಪಕ್ಕದ ಮನೆಯ ವೈಶಾಲಿ ವಹಿನಿ; ಇಲ್ಲಿ ಅತ್ತಿಗೆಗೆ ವಹಿನಿ ಎನ್ನುತ್ತಾರೆ, ನೆರೆಯವರನ್ನೂ ಹಾಗೇ ಕರೆಯುವ ರೂಢಿ.

ವಹಿನಿ ನನ್ನ ಮುಖವನ್ನೇ ನೋಡಿದರು. ನಾವಿಬ್ಬರೂ ಮಾತಾಡುವುದು ಅರ್ಧ ಮರಾಠಿ, ಅರ್ಧ ಹಿಂದಿ. "ಶೈಲಾ ಅಕ್ಕಾ, ಮೂಗಿಗೆ ಏನು ಹಚ್ಚಿಕೊಂಡಿದ್ದೀರಿ?" ಎಂದರು.

ಕನ್ನಡಿ ನೋಡಿಕೊಂಡೆ. ಮೂಗಿನ ತುದಿಯಲ್ಲಿ ಗುಂಡನೆಯ ಕರಿ ಚುಕ್ಕೆ. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಎಲ್ಲವನ್ನೂ ಹೇಳಿದೆ. ವಹಿನಿ ಟಿವಿಯ ಅಪರಾಧದ ಕಾರ್ಯಕ್ರಮ ಒಂದನ್ನೂ ಬಿಡುವವರಲ್ಲ. ಕಡ್ಡಿಯನ್ನು ಸೆರಗಿನಿಂದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಸಿಗರೇಟು ಅಲ್ಲ ಇದು," ಎಂದರು. "ಸಿಗರೇಟಾಗಿದ್ದರೆ ಪುಣ್ಯ ಅನ್ನಬೇಕು. ಗಾಂಜಾ, ಚರಸ್ ಇಂಥದ್ದೇನೋ ಇರಬೇಕು."

ಮಂಗಳವಾರ ಗಂಡ ಮತ್ತೆ ತಡವಾಗಿ ಬಂದರು. ಊಟಕ್ಕೆ ಬಡಿಸುತ್ತ, ಪೊಲೀಸರು ಕೇಳುವಂತೆ ಅಲ್ಲ, ಹೆಂಡತಿ ಕೇಳುವಂತೆ, ಅಂದರೆ ಅದಕ್ಕಿಂತ ಮೃದುವಾಗಿ ಕೇಳಿದೆ.

"ಇವತ್ತ ಮೀಟಿಂಗ್‌ನ್ಯಾಗ ಏನ್ ಮಾತಾಡಿದ್ರಿ?"

"ನೆರಳಿಂದು," ಎಂದರು, ರೊಟ್ಟಿ ಮುರಿಯುತ್ತ.

"ನೆರಳಿಂದಾ?"

ರೊಟ್ಟಿ ಅಲ್ಲೇ ನಿಂತಿತು. "ಅಂದ್ರ… ಗಿಡಾ ಹಚ್ಚೂದು. ಉಮರೇಡ್ ಗಣಿ ಸುತ್ತ ಗಿಡಾ ಹಚ್ಚಿದ್ರ ನೆರಳು ಆಕ್ಕೈತಲ್ಲ, ಅದು."

"ಒಂದೂವರಿ ತಾಸು ನೆರಳಿನ ಬಗ್ಗೆ ಮಾತಾಡಿದ್ರಿ?"

"ಭಾಳ ಕಷ್ಟದ ವಿಷಯ ಐತಿ ಅದು," ಎಂದು ಒಂದು ಲೋಟ ನೀರು ಕುಡಿದರು. ಪಲ್ಯದಲ್ಲಿ ಉಪ್ಪು ಸರಿಯಾಗಿಯೇ ಇತ್ತು.

ಬುಧವಾರ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಆಫೀಸಿನ ಚೀಲವನ್ನು ತೆರೆದೆ. ಊಟದ ಡಬ್ಬಿಯ ಕೆಳಗೆ ಒಂದು ಹಳೆಯ ಬಿಸ್ಕಿಟ್ ತಗಡಿನ ಡಬ್ಬಿ. ಅದರೊಳಗೆ ಅದೇ ಜಾತಿಯ ಕಡ್ಡಿಗಳು ಐದು, ದಪ್ಪ, ಸಣ್ಣ, ಕೆಲವು ಬೆಂಕಿಕಡ್ಡಿಯಷ್ಟು ತೆಳ್ಳಗೆ. ಎಲ್ಲವುಗಳ ಮೂತಿ ಕಪ್ಪು. ಜೊತೆಗೆ ಮಸಿ ಹತ್ತಿದ ಒಂದು ತುಂಡು ಸ್ಯಾಂಡ್‌ಪೇಪರ್. ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿಟ್ಟ ಒಂದು ಉಂಡೆ. ಬೂದು ಬಣ್ಣ. ಒತ್ತಿದರೆ ಒತ್ತಿಸಿಕೊಳ್ಳುತ್ತಿತ್ತು, ಎಳೆದರೆ ಚೂಯಿಂಗ್ ಗಮ್ಮಿನಂತೆ ಎಳೆಯುತ್ತಿತ್ತು.

ಸುರುಳಿ ಕಾಗದ. ಮೆತ್ತನೆಯ ಉಂಡೆ. ತಿಕ್ಕುವುದಕ್ಕೆ ಸಾಮಾನು. ಇದು ಸಿಗರೇಟಿನ ಸಂಸಾರವಲ್ಲ. ಇಪ್ಪತ್ತೆರಡು ವರ್ಷ ನಾನು ಯಾರ ಜೊತೆ ಉಪ್ಪಿಟ್ಟು ತಿಂದೆ?

ಉಂಡೆಯಲ್ಲಿ ಅರ್ಧದಷ್ಟನ್ನು ಕಿತ್ತು, ಉಳಿದದ್ದನ್ನು ಮತ್ತೆ ದುಂಡಗೆ ಮಾಡಿ ಅಲ್ಲೇ ಇಟ್ಟೆ. ಕಿತ್ತದ್ದನ್ನೂ ಸೋಮವಾರದ ದೊಡ್ಡ ಕಡ್ಡಿಯನ್ನೂ ಲ್ಯಾಬಿಗೆ ಒಯ್ದೆ. ರೋಗಿಗಳಿಲ್ಲದ ಹೊತ್ತು ನೋಡಿ ಕಡ್ಡಿಯ ಮೂತಿಯನ್ನು ಗಾಜಿನ ಮೇಲೆ ಕೆರೆದು, ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕಾಗದದ ನಾರು, ಅದರ ಮಧ್ಯೆ ಮಿಣಮಿಣ ಹೊಳೆಯುವ ಕಪ್ಪು ಚೂರುಗಳು. ಇಂಥದ್ದು ಯಾವ ರೋಗಿಯಲ್ಲೂ ಕಂಡಿರಲಿಲ್ಲ. ಅಭ್ಯಾಸ ಬಲದಿಂದ ಒಂದು ವರದಿಯನ್ನೇ ಬರೆದುಬಿಟ್ಟೆ. ಮಾದರಿ: ಕಾಗದದ ಸುರುಳಿ. ಬಣ್ಣ: ಬೂದು. ವಾಸನೆ: ಇಲ್ಲ. ಕಂಡದ್ದು: ಹೊಳೆಯುವ ಕಪ್ಪು ಪುಡಿ. ಅಭಿಪ್ರಾಯ: ಸಂಶಯಾಸ್ಪದ. ಉಂಡೆಯನ್ನು ಮೂತ್ರ ಪರೀಕ್ಷೆಯ ಹೊಸ ಡಬ್ಬಿಯೊಂದರಲ್ಲಿ ಹಾಕಿ, ಚೀಟಿ ಅಂಟಿಸಿ, ಫ್ರಿಜ್ಜಿನಲ್ಲಿಟ್ಟೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ವಹಿನಿ ಕಾಯುತ್ತಿದ್ದರು. "ಒಂದೇ ಉಪಾಯ," ಎಂದರು. "ಹೊತ್ತಿಸಿ ನೋಡೋಣ. ಹೊಗೆಯ ವಾಸನೆಯಿಂದ ಗೊತ್ತಾಗುತ್ತದೆ."

"ನಿಮಗೆ ಆ ವಾಸನೆ ಗೊತ್ತೇ?"

"ಇಲ್ಲ. ಆದರೆ ಬಂದರೆ ಗೊತ್ತಾಗದೆ ಇರುತ್ತದೆಯೇ?"

ಒಳಗೆ ಹೊಗೆಯಾದೀತೆಂದು ಬಾಲ್ಕನಿಗೆ ಹೋದೆವು. ನಾನು ಕಡ್ಡಿ ಹಿಡಿದೆ, ವಹಿನಿ ಲೈಟರ್ ಒತ್ತಿದರು. ಬಿಗಿಯಾಗಿ ಸುತ್ತಿದ ಕಾಗದ, ಬೇಗ ಹೊತ್ತಿಕೊಳ್ಳಲಿಲ್ಲ. ಊದಿದೆ. ತುದಿ ಕೆಂಪಾಗಿ ಹೊಗೆ ಬಂತು. ನಾನು ಕಣ್ಣು ಮುಚ್ಚಿ ಒಮ್ಮೆ ಎಳೆದು ಮೂಸಿ ವಹಿನಿಗೆ ಕೊಟ್ಟೆ. ಅವರು ಎಳೆದು ಮೂಸಿ ನನಗೆ ಕೊಟ್ಟರು. ಇಬ್ಬರಿಗೂ ಒಟ್ಟಿಗೆ ಕೆಮ್ಮು ಹತ್ತಿತು. ಸುಟ್ಟ ರಟ್ಟಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಕಣ್ಣೊರೆಸಿಕೊಂಡು ತಲೆಯೆತ್ತಿದರೆ ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ನಮ್ಮ ಸೊಸೈಟಿಯ ಹಿರಿಯರಾದ ಕುಲಕರ್ಣಿ ಕಾಕಾ ಒಣಗಿದ ಬನಿಯನ್ ಹಿಡಿದು ನಿಂತಿದ್ದರು. ನಾನು ನಮಸ್ಕಾರ ಮಾಡಿದೆ. ಕೈಯಲ್ಲಿ ಹೊಗೆಯಾಡುವ ಕಡ್ಡಿ ಇತ್ತು. ಕಾಕಾ ಬನಿಯನ್ನಿನೊಂದಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ಸಂಜೆ ಗಂಡನ ನಡತೆ ಇನ್ನಷ್ಟು ವಿಚಿತ್ರವಾಗಿತ್ತು. ಬಂದವರೇ ನನ್ನ ಹತ್ತಿರ ಸುಳಿದಾಡಿದರು. ಅಡಿಗೆಮನೆಯ ಕಿಟಕಿ ತೆರೆದರು. ಆಮೇಲೆ ಜೇಬಿನಿಂದ ಒಂದು ಪೊಟ್ಟಣ ತೆಗೆದು ಕಟ್ಟೆಯ ಮೇಲಿಟ್ಟರು. ಬಡೇಸೋಪು, ಅಂದರೆ ಸೋಂಪು ಕಾಳು.

"ಬಾಯಿ ಸುಮ್ನ ಇರಾಂಗಿಲ್ಲ ಅನಿಸಿದ್ರ ಇದನ್ನ ಒಂದೀಟ ಜಗಿ," ಎಂದರು. ಹೋಗುತ್ತಿದ್ದವರು ತಿರುಗಿ, "ಶೈಲಾ, ನಿನಗ ಏನರ ತ್ರಾಸ ಐತೇನು? ಲ್ಯಾಬ್‌ನ್ಯಾಗ ಯಾರರ ಏನರ ಅಂದಾರೇನು?" ಎಂದು ಕೇಳಿದರು.

ತಪ್ಪು ಮಾಡಿದ ಗಂಡಸರು ಹೆಂಡತಿಗೆ ಏನಾದರೂ ತಂದುಕೊಡುತ್ತಾರೆಂದು ಕೇಳಿದ್ದೆ. ಬಡೇಸೋಪು ತರುವಷ್ಟು ದೊಡ್ಡ ತಪ್ಪು ಯಾವುದಿರಬಹುದೆಂದು ಯೋಚಿಸುತ್ತ ಒಂದು ಚಮಚ ಬಾಯಿಗೆ ಹಾಕಿಕೊಂಡೆ.

ಗುರುವಾರ ಸಂಜೆ ಬೇಗ ಲ್ಯಾಬ್ ಬಿಟ್ಟೆ. ವಹಿನಿ ಸ್ಕೂಟಿ ತಂದಿದ್ದರು. ನಾಗಪುರದಲ್ಲಿ ಹೆಂಗಸು ಯಾರನ್ನಾದರೂ ಬೆನ್ನಟ್ಟಬೇಕೆಂದರೆ ವೇಷ ಹಾಕುವ ಅಗತ್ಯವೇ ಇಲ್ಲ. ಬಿಸಿಲಿಗೂ ಧೂಳಿಗೂ ಎಲ್ಲರೂ ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡು ಬರೀ ಕಣ್ಣು ಬಿಟ್ಟಿರುತ್ತಾರೆ. ನಾವೂ ಸುತ್ತಿಕೊಂಡು ಗಂಡನ ಆಫೀಸಿನ ಗೇಟಿನೆದುರು ಕಬ್ಬಿನ ರಸದ ಗಾಡಿಯ ಹಿಂದೆ ನಿಂತೆವು. ಅವರ ಬೈಕು ಹೊರಬಂತು. ಮನೆಯ ಕಡೆಗಲ್ಲ, ಎದುರು ದಿಕ್ಕಿಗೆ ತಿರುಗಿತು.

"ಚಲಾ," ಎಂದು ವಹಿನಿ ಸ್ಕೂಟಿ ಓಡಿಸಿದರು. ಇಂಥ ಉತ್ಸಾಹವನ್ನು ನಾನು ಅವರಲ್ಲಿ ಗಣಪತಿ ಹಬ್ಬದಲ್ಲೂ ನೋಡಿರಲಿಲ್ಲ.

ಬೈಕು ಒಂದು ಓಣಿಯ ಕೊನೆಯಲ್ಲಿ ಹಳೆಯ ಬಂಗಲೆಯ ಎದುರು ನಿಂತಿತು. ಬೋರ್ಡು ಇಲ್ಲ. ಅವರು ಅತ್ತಿತ್ತ ನೋಡಿ, ತಗಡಿನ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಗಿನ ಮೆಟ್ಟಿಲು ಹತ್ತಿ ಮೇಲೆ ಹೋದರು. ನಾವು ಬೇವಿನ ಮರದ ಹಿಂದೆ ನಿಂತು ನೋಡುತ್ತಿದ್ದಂತೆ ಇನ್ನಿಬ್ಬರು ಬಂದರು. ಎರಡು ಜಡೆ ಹಾಕಿಕೊಂಡ, ಹತ್ತು ಹನ್ನೊಂದು ವರ್ಷದ ಹುಡುಗಿಯರು. ಅವರೂ ಮೆಟ್ಟಿಲು ಹತ್ತಿದರು. ಆಮೇಲೆ ಮತ್ತೆ ಮೂವರು ಮಕ್ಕಳು.

"ದೇವಾ," ಎಂದರು ವಹಿನಿ. "ಮಕ್ಕಳಿಗೆ."

ನನಗೆ ಮುಂದೆ ಏನೂ ಕಾಣಲಿಲ್ಲ. ನನ್ನ ಮಗಳ ತಲೆಯ ಮೇಲೆ ಕೈಯಿಟ್ಟ ಮನುಷ್ಯ, ಪರರ ಮಕ್ಕಳಿಗೆ! ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದೆ. ಬಾಗಿಲನ್ನು ಎರಡೂ ಕೈಯಿಂದ ದೂಡಿ ಒಳಗೆ ನುಗ್ಗಿ, ದುಪಟ್ಟಾ ಕಟ್ಟಿದ ಬಾಯಿಂದಲೇ, ನನಗೆ ಬರುವ ಅತ್ಯಂತ ಕಠಿಣ ಹಿಂದಿಯಲ್ಲಿ ಕೂಗಿದೆ. "ಕೋಯಿ ನಹೀ ಹಿಲೇಗಾ."

ಯಾರೂ ಅಲುಗಾಡಲಿಲ್ಲ. ಅಲ್ಲಿ ಮೊದಲೇ ಯಾರೂ ಅಲುಗಾಡುತ್ತಿರಲಿಲ್ಲ. ಹದಿಮೂರು ಮಕ್ಕಳು ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಅರ್ಧಚಂದ್ರದಂತೆ ಕೂತಿದ್ದರು. ನಡುವೆ ಸ್ಟೂಲಿನ ಮೇಲೆ ಒಂದು ಹಿತ್ತಾಳೆ ತಂಬಿಗೆ, ಒಂದು ಬದನೆಕಾಯಿ. ಪ್ರತಿಯೊಬ್ಬರ ಕೈಯಲ್ಲೂ ಕರಿ ಮೂತಿಯ ಒಂದೊಂದು ಕಾಗದದ ಕಡ್ಡಿ. ಮಕ್ಕಳ ಸಾಲಿನ ಕೊನೆಯಲ್ಲಿ, ಮಕ್ಕಳದೇ ಮಣೆಯ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ನಾಲಿಗೆಯ ತುದಿಯನ್ನು ತುಟಿಯಿಂದ ಹೊರಗಿಟ್ಟುಕೊಂಡು ನನ್ನ ಗಂಡ ಬದನೆಕಾಯಿಯ ನೆರಳನ್ನು ಕಡ್ಡಿಯಿಂದ ಮೆಲ್ಲಗೆ ತಿಕ್ಕುತ್ತಿದ್ದರು.

ಕಿಟಕಿಯ ಬಳಿ ನಿಂತಿದ್ದ, ಬೆಳ್ಳಿಗೂದಲಿನ ಟೀಚರ್ ಒಬ್ಬರು ಕನ್ನಡಕ ಸರಿಪಡಿಸಿಕೊಂಡರು. "ಹೊಸ ಅಡ್ಮಿಶನ್ನೇ? ತಡವಾಗಿ ಬಂದವರು ಹಿಂದೆ ಕೂರಬೇಕು," ಎಂದರು ಮರಾಠಿಯಲ್ಲಿ.

ನನ್ನ ಗಂಡ ತಲೆಯೆತ್ತಿದರು. ದುಪಟ್ಟಾದೊಳಗಿನ ಎರಡು ಕಣ್ಣನ್ನು ಗುರುತಿಸುವುದಕ್ಕೆ ಅವರಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. "ಶೈಲಾ? ನೀ ಇಲ್ಲಿ?"

"ಏನ್ರೀ ಅದು ಕೈಯಾಗ?" ಎಂದೆ. ಧ್ವನಿ ಆಗಲೇ ಅರ್ಧಕ್ಕೆ ಇಳಿದಿತ್ತು.

ಅವರ ಬದಲಿಗೆ ಪಕ್ಕದ ಎರಡು ಜಡೆಯ ಹುಡುಗಿ ಉತ್ತರಿಸಿದಳು. ಪಾಪ, ದೊಡ್ಡವರಿಗೂ ಕಲಿಸಬೇಕೆಂಬ ತಾಳ್ಮೆಯಿಂದ. "ಆಂಟಿ, ಇದಕ್ಕೆ ಸ್ಟಂಪ್ ಅಂತಾರೆ. ಪೆನ್ಸಿಲಿನಿಂದ ಗೀಚಿ ಇದರಿಂದ ತಿಕ್ಕಿದರೆ ಗೆರೆ ಮಾಯವಾಗಿ ನೆರಳಾಗುತ್ತದೆ. ಮೂತಿ ಕೊಳೆಯಾದರೆ ಸ್ಯಾಂಡ್‌ಪೇಪರಿಗೆ ಉಜ್ಜಬೇಕು. ಇದು ರಬ್ಬರ್, ಬೇಕಾದ ಹಾಗೆ ಹಿಸುಕಬಹುದು." ಎಂದು ಬೂದು ಬಣ್ಣದ ಉಂಡೆಯನ್ನು ಎಳೆದು ತೋರಿಸಿದಳು.

"ನನ್ನ ದೊಡ್ಡ ಸ್ಟಂಪ್ ಸೋಮವಾರದಿಂದ ಕಾಣವಲ್ದು," ಎಂದರು ಗಂಡ ನಿಧಾನವಾಗಿ. "ನೀ ನೋಡೀಯೇನು?"

"ಸುಟ್ಟೆ."

"ಸುಟ್ಟಿ?"

"ವಾಸನಿ ನೋಡಾಕ."

ಹುಡುಗಿ ಬಾಯಿ ಮುಚ್ಚಿಕೊಂಡಳು. ಗಂಡ ತಮ್ಮ ಡಬ್ಬಿಯನ್ನು ನೋಡಿದರು. "ಮತ್ತ ರಬ್ಬರ್ ಅರ್ಧ ಆಗೈತಿ. ನಾನ ತಿಕ್ಕಿ ತಿಕ್ಕಿ ಸವಿಸೇನಿ ಅಂತ ತಿಳಿದಿದ್ದೆ."

"ಲ್ಯಾಬಿನ ಫ್ರಿಜ್‌ನ್ಯಾಗ ಐತಿ. ಮೂತ್ರದ ಡಬ್ಬಿಯೊಳಗ. ಹೊಸಾ ಡಬ್ಬಿ," ಎಂದು ಸೇರಿಸಿದೆ. ಆ ಕೊನೆಯ ಮಾತಿನಿಂದ ನನ್ನ ಮಾನ ಹೆಚ್ಚೇನೂ ಉಳಿಯಲಿಲ್ಲ.

ಅವರಿಗೆ ಆಗ ಅರ್ಥವಾಯಿತು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಸರಿತೂಗಿಸುತ್ತಿದ್ದೆ. ಅವರು ಬೈಯಲಿಲ್ಲ.

"ಅನಘಾನ ತಲಿಮ್ಯಾಲ ಕೈ ಇಟ್ಟವ ನಾ," ಎಂದರು. "ನೀ ಒಂದ ಮಾತ ಕೇಳಬಹುದಿತ್ತು."

ಡಬ್ಬಿಯ ಮುಚ್ಚಳ ಹಾಕುತ್ತ ಅವರೇ ಮುಂದುವರಿಸಿದರು. "ಕುಲಕರ್ಣಿ ಕಾಕಾ ನಿನ್ನೆ ಗೇಟಿನ್ಯಾಗ ನಿಲ್ಲಿಸಿ ಹೇಳಿದ್ರು, ನೀ ಬಾಲ್ಕನ್ಯಾಗ ಸೇದತಿ ಅಂತ."

ಅಂದರೆ ಅವರಿಗೂ ಸಂಶಯಪಡಲು ಕಾರಣ ಸಿಕ್ಕಿತ್ತು. ನನ್ನದಕ್ಕಿಂತ ಗಟ್ಟಿಯಾದದ್ದು, ಕಣ್ಣಾರೆ ಕಂಡ ಸಾಕ್ಷಿಯ ಸಮೇತ. ಅದನ್ನಿಟ್ಟುಕೊಂಡು ಅವರು ಮಾಡಿದ್ದು ಒಂದು ಪೊಟ್ಟಣ ಬಡೇಸೋಪು ತಂದದ್ದು. ನಾನು ಮಾಡಿದ್ದನ್ನು ಮತ್ತೆ ಬರೆಯುವುದು ಬೇಡ.

"ಚಿತ್ರ ಕಲಿಯಾಕ ಕಳ್ಳತನ ಯಾಕ್ರೀ?" ಎಂದೆ, ಎಲ್ಲಾದರೂ ಸ್ವಲ್ಪ ತಪ್ಪು ಅವರ ಪಾಲಿಗೂ ಸಿಗಲೆಂದು.

ಅವರು ಬದನೆಕಾಯಿಯನ್ನು ನೋಡುತ್ತ ಹೇಳಿದರು. "ಮದವಿ ಆದ ವರ್ಷ ನಿಂದೊಂದ ಚಿತ್ರ ತೆಗೆದಿದ್ದೆ. ನೀ ನೋಡಿ, 'ಇವರು ಯಾರ್ರೀ, ನಿಮ್ಮ ಸೋದರಮಾವನಾ' ಅಂದಿ. ನಿಮ್ಮ ಅಕ್ಕತಂಗ್ಯಾರ್ನ ಕರೆದು ತೋರಿಸಿದಿ. ಎಲ್ಲಾರೂ ಭಾಳ ನಕ್ಕರು. ಆಮ್ಯಾಲ ನಾ ತೆಗೀಲಿಲ್ಲ. ಈಗ ಸರಿ ಬರೂ ತನಕಾ ತೋರಸಬಾರ್ದು ಅಂತ ಮಾಡಿದ್ದೆ."

ಆ ಚಿತ್ರ ನನಗೆ ನೆನಪಿರಲಿಲ್ಲ. ನಕ್ಕದ್ದು ನೆನಪಿತ್ತು. ಯಾವುದಕ್ಕೆ ನಕ್ಕೆವೆಂಬುದನ್ನು ಇಪ್ಪತ್ತೆರಡು ವರ್ಷ ಅವರೊಬ್ಬರೇ ನೆನಪಿಟ್ಟುಕೊಂಡಿದ್ದರು. ದುಪಟ್ಟಾ ಬಿಚ್ಚಿದೆ. ಕಣ್ಣಿನಲ್ಲಿ ನೀರು ಬಂದಿತ್ತು, ಆದರೆ ಮುಖ ಇನ್ನೂ ಜಗಳದ ಮುಖವೇ ಇದ್ದಿರಬೇಕು. ಕಿಟಕಿಯಿಂದ ಸಂಜೆಯ ಓರೆ ಬಿಸಿಲು ಬೀಳುತ್ತಿತ್ತು. ಟೀಚರ್ ನನ್ನನ್ನೇ ದಿಟ್ಟಿಸಿ ನೋಡಿ ಒಮ್ಮೆಲೇ ಚಪ್ಪಾಳೆ ತಟ್ಟಿದರು.

"ಮಕ್ಕಳೇ, ಬದನೆಕಾಯಿ ತೆಗೆಯಿರಿ. ಇವರನ್ನು ಕೂರಿಸಿ. ಆ ಹುಬ್ಬಿನ ಕೆಳಗಿನ ನೆರಳು ನೋಡಿ. ಇಂಥದ್ದು ದಿನಾ ಸಿಗುವುದಿಲ್ಲ."

ಕ್ಷಮೆ ಕೇಳುವುದಕ್ಕೆ ಬೇರೆ ದಾರಿ ತೋಚದೆ ಸ್ಟೂಲಿನ ಮೇಲೆ ಕೂತೆ. ಮುಖ ಸಡಿಲಿಸಲು ಹೋದರೆ ಟೀಚರ್, "ಬೇಡ, ಬಂದ ಹಾಗೆಯೇ ಇರಲಿ," ಎಂದರು. ನಲವತ್ತು ನಿಮಿಷ ಹದಿಮೂರು ಮಕ್ಕಳೂ ಒಬ್ಬ ಗಂಡನೂ ನನ್ನ ಮುಖವನ್ನು ನೋಡಿ ನೋಡಿ ತಿಕ್ಕಿದರು. ವಹಿನಿ ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಅಂದಿನ ಕಾರ್ಯಕ್ರಮದಲ್ಲಿ ಅಪರಾಧಿ ಬದಲಾದದ್ದು ಅವರಿಗೇನೂ ಬೇಸರ ತರಿಸಿದಂತೆ ಕಾಣಲಿಲ್ಲ.

ಆ ವಾರವೇ ಅನಘಾಳಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಐದು ನಿಮಿಷ ನಕ್ಕಳು. "ಮಮ್ಮಿ, ನಂಗ ಒಂದ ಫೋಟೊ ಸೆಂಡ್ ಮಾಡಿದ್ರ ಸಾಕಿತ್ತು. ದೋನ್ ಸೆಕೆಂಡ್‌ನ್ಯಾಗ ಹೇಳತಿದ್ದೆ. ನೀ ಡೈರೆಕ್ಟ್ ಮೈಕ್ರೋಸ್ಕೋಪ್‌ಗೆ ಹೋದಿ?" ಎಂದಳು.

ತಿಂಗಳ ಕೊನೆಯ ಭಾನುವಾರ ಬಂಗಲೆಯ ವರಾಂಡದಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನವಿತ್ತು. ವಹಿನಿಯ ಕೃಪೆಯಿಂದ ನಮ್ಮ ಇಡೀ ಸೊಸೈಟಿ ಬಂದಿತ್ತು. ಗೋಡೆಯ ಮೇಲೆ ಸಾಲಾಗಿ ಹದಿನಾಲ್ಕು ಶೈಲಾಗಳು. ಒಂದರಲ್ಲಿ ಕಿವಿ ಇಲ್ಲ, ಒಂದರಲ್ಲಿ ಮೂರು ಗದ್ದ, ಇನ್ನೊಂದರಲ್ಲಿ ಕತ್ತು ತಂಬಿಗೆಯದೇ. ಹುಬ್ಬು ಮಾತ್ರ ಎಲ್ಲದರಲ್ಲೂ ಒಂದೇ. ಮೇಲೆ ಟೀಚರ್ ದಪ್ಪ ಅಕ್ಷರದಲ್ಲಿ ಬರೆದಿದ್ದರು: ಅಭ್ಯಾಸಚಿತ್ರ, ವಿಷಯ: ಸಂಶಯ.

ಕೊನೆಯದು ಗಂಡನದು. ಈ ಸಲ ಸೋದರಮಾವ ಇರಲಿಲ್ಲ. ನಾನೇ ಇದ್ದೆ. ಕಣ್ಣಿನ ಅಂಚಿನ ನೀರನ್ನು ಕೂಡ ಬಿಟ್ಟಿರಲಿಲ್ಲ. ಅದನ್ನು ಬೇರೆ ಯಾರೂ ಬರೆದಿರಲಿಲ್ಲ. ನಾನು ಏನಾದರೂ ಹೇಳಬೇಕೆಂದು ಅವರು ಪಕ್ಕದಲ್ಲಿ ಕೈಕಟ್ಟಿ ಕಾಯುತ್ತಿದ್ದರು.

"ಬರೋಬರ್ ಬಂದೈತಿ," ಎಂದೆ. ಅವರು ತಲೆಯಾಡಿಸಿದರು. ಅಷ್ಟಕ್ಕೇ ಆ ಮನುಷ್ಯನ ಮುಖ ಹೇಗಾಯಿತೆಂದರೆ, ನನಗೆ ಇಪ್ಪತ್ತೆರಡು ವರ್ಷಗಳ ಹಿಂದಿನ ಅಕ್ಕತಂಗಿಯರನ್ನೆಲ್ಲ ಕರೆದು ಬೈಯಬೇಕೆನಿಸಿತು.

ಕುಲಕರ್ಣಿ ಕಾಕಾ ಹದಿನಾಲ್ಕೂ ಚಿತ್ರಗಳನ್ನು ನೋಡಿ, ಕೊನೆಗೆ ನನ್ನನ್ನೂ ನೋಡಿ, ಚಿತ್ರಗಳಿಗೇ ನಮಸ್ಕಾರ ಮಾಡಿ ಹೋದರು.

ಅಂದಿನಿಂದ ನಾನೂ ಗುರುವಾರ ಗುರುವಾರ ಆ ಕ್ಲಾಸಿಗೆ ಹೋಗುತ್ತೇನೆ. ಮೊದಲ ದಿನ ಟೀಚರ್ ನನ್ನ ಕೈಗೂ ಒಂದು ಸ್ಟಂಪ್ ಕೊಟ್ಟು ನೋಡಿದರು. ಅರ್ಧ ತಾಸಿನಲ್ಲಿ ಹಾಳೆಯೊಂದಿಗೆ ನನ್ನ ಮೊಣಕೈ, ಸೆರಗು, ಪಕ್ಕದ ಹುಡುಗಿಯ ಹಾಳೆ ಎಲ್ಲವೂ ಕಪ್ಪಾದವು; ಅವರು ಸ್ಟಂಪನ್ನು ಮರಳಿ ಇಸಿದುಕೊಂಡರು. ಆದ್ದರಿಂದ ಈಗ ಸ್ಟೂಲಿನ ಮೇಲೆ ಕೂರುವುದು ನನ್ನ ಕೆಲಸ. ಕಳೆದ ವಾರ ಎರಡು ಜಡೆಯ ಆ ಹುಡುಗಿ ಕೈಯೆತ್ತಿ ಟೀಚರಿಗೆ ದೂರು ಹೇಳಿದಳು: ಆಂಟಿಗಿಂತ ಬದನೆಕಾಯಿಯೇ ವಾಸಿ, ಅದು ಇಷ್ಟು ಅಲುಗಾಡುತ್ತಿರಲಿಲ್ಲ.